ಇಂಧನ ದರ ಏರಿದಾಗ ಕತ್ತರಿ ಯಾರ ಓಡಾಟಕ್ಕೆ?

ಪ್ರಶ್ನೆ: ನಮ್ಮದು ಐದು ಜನರ ಸಂಸಾರ. ಗಂಡ, ನಾನು, ಇಬ್ಬರು ಮಕ್ಕಳು, ಅತ್ತೆ. ಮನೆಯಲ್ಲಿ ಒಂದು ಹಳೆಯ ಪೆಟ್ರೋಲ್ ಕಾರು, ಒಂದು ಸ್ಕೂಟರ್ ಇವೆ. ಗಂಡನ ಕಚೇರಿ 20 ಕಿ.ಮೀ. ದೂರ, ಅವರೊಬ್ಬರೇ ಕಾರಿನಲ್ಲಿ ಹೋಗಿ ಬರುತ್ತಾರೆ. ನನ್ನ ಕೆಲಸದ ಜಾಗ 3 ಕಿ.ಮೀ., ನಾನು ಸ್ಕೂಟರ್ ಬಳಸುತ್ತೇನೆ. ಕಾರು ಲೀಟರಿಗೆ 12 ಕಿ.ಮೀ., ಸ್ಕೂಟರ್ 45 ಕಿ.ಮೀ. ಕೊಡುತ್ತದೆ. ಪೆಟ್ರೋಲ್ ಮತ್ತು ಅಡುಗೆ ಅನಿಲ ಎರಡೂ ತುಟ್ಟಿಯಾದ ಮೇಲೆ ಮಗಳನ್ನು ವಾರಕ್ಕೆರಡು ಸಲ 3 ಕಿ.ಮೀ. ದೂರದ ಈಜು ತರಗತಿಗೆ ಬಿಟ್ಟು ಕರೆತರುವುದನ್ನು ನಿಲ್ಲಿಸಿದೆವು. ಅತ್ತೆಯವರನ್ನು ವಾರಕ್ಕೊಮ್ಮೆ 5 ಕಿ.ಮೀ. ದೂರದ ಗೆಳತಿಯ ಮನೆಗೆ ಕರೆದೊಯ್ಯುವುದನ್ನೂ ನಿಲ್ಲಿಸಿದೆವು. ಆದರೂ ಖರ್ಚು ಇಳಿದಂತೆ ಕಾಣುತ್ತಿಲ್ಲ, ಮನೆಯಲ್ಲಿ ಮಾತಿಗೆ ಮಾತು ಮಾತ್ರ ಬೆಳೆಯುತ್ತಿದೆ. ಬೆಳಿಗ್ಗೆ ಬೇಗ ಪೆಟ್ರೋಲ್ ಹಾಕಿಸಿ, ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಎಂದೆಲ್ಲ ನೆಂಟರು ಹೇಳುತ್ತಾರೆ. ಇಂಡಕ್ಷನ್ ಒಲೆ ತರುವುದು ಲಾಭವೇ? ಕಾರು ಮಾರಿ ಎಲೆಕ್ಟ್ರಿಕ್ ಕಾರು ಕೊಳ್ಳಬೇಕೇ? ಅಥವಾ ದರ ಇಳಿಯುವವರೆಗೆ ಹೇಗೋ ತಳ್ಳಿಕೊಂಡು ಹೋಗುವುದೇ?

ಉತ್ತರ: ನೀವು ದೂರಗಳನ್ನೂ ಮೈಲೇಜನ್ನೂ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಹೆಚ್ಚಿನವರು "ಪೆಟ್ರೋಲಿಗೆ ಸಿಕ್ಕಾಪಟ್ಟೆ ಹೋಗುತ್ತಿದೆ" ಎನ್ನುತ್ತಾರೆಯೇ ಹೊರತು ಎಲ್ಲಿಗೆ ಹೋಗುತ್ತಿದೆ ಎಂದು ಹೇಳುವುದಿಲ್ಲ. ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

ತಿಂಗಳಿಗೆ 22 ಕೆಲಸದ ದಿನ ಎಂದು ಹಿಡಿದರೆ ನಿಮ್ಮ ಯಜಮಾನರ ಕಚೇರಿ ಓಡಾಟ 880 ಕಿ.ಮೀ. ಈಜು ತರಗತಿಗೆ ಬಿಟ್ಟು ಬರುವುದು, ಮತ್ತೆ ಹೋಗಿ ಕರೆತರುವುದು ಸೇರಿದರೆ ಒಂದು ದಿನಕ್ಕೆ 12 ಕಿ.ಮೀ., ತಿಂಗಳಿಗೆ 96. ಅತ್ತೆಯವರ ಭೇಟಿ ಅದೇ ರೀತಿ ತಿಂಗಳಿಗೆ 80. ಅಂದರೆ ಕಾರಿನ ಒಟ್ಟು ಓಟ 1,056 ಕಿ.ಮೀ. ಇತ್ತು, ಅದರಲ್ಲಿ ನೀವು ಕತ್ತರಿಸಿದ್ದು 176. ಆರರಲ್ಲಿ ಒಂದು ಪಾಲು. ಉಳಿದ ಐದು ಪಾಲನ್ನು ಯಾರೂ ಮುಟ್ಟಿಲ್ಲ. ದರ ಐದನೇ ಒಂದಂಶದಷ್ಟು ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ ನೀವು ಮಾಡಿದ ತ್ಯಾಗವೆಲ್ಲ ಬಿಲ್ಲಿನಲ್ಲಿ ಕಾಣಿಸದೇ ಹೋಗುವುದು ಸಹಜ.

ಇಲ್ಲೊಂದು ಆಕ್ಷೇಪಕ್ಕೆ ಜಾಗವಿದೆ, ಅದನ್ನು ನಾನೇ ಎತ್ತುತ್ತೇನೆ. ಚಿಕ್ಕ ಓಡಾಟದಲ್ಲಿ ಇಂಜಿನ್ ಬಿಸಿಯಾಗುವ ಮೊದಲೇ ಊರು ಬಂದುಬಿಡುತ್ತದೆ. ತಣ್ಣಗಿನ ಇಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಹಾಗಾಗಿ ಆ 176 ಕಿ.ಮೀ.ಗೆ ಲೀಟರಿಗೆ 12ರ ಮೈಲೇಜ್ ಸಿಗುತ್ತಿರಲಿಲ್ಲ. ಸರಿ, ಒಂದೂವರೆ ಪಟ್ಟು ಖರ್ಚಾಗುತ್ತಿತ್ತು ಎಂದೇ ಉದಾರವಾಗಿ ಹಿಡಿಯಿರಿ. ಆಗಲೂ ಅದು 22 ಲೀಟರ್. ಕಚೇರಿಯ ಓಡಾಟಕ್ಕೆ 73 ಲೀಟರ್. ಚಿತ್ರ ಬದಲಾಗುವುದಿಲ್ಲ.

ಈಗ ಇನ್ನೊಂದು ಲೆಕ್ಕ. ನಿಮ್ಮ ಯಜಮಾನರು ವಾರದಲ್ಲಿ ಒಂದೇ ಒಂದು ದಿನ ಕಾರು ತೆಗೆಯದಿದ್ದರೆ ತಿಂಗಳಿಗೆ 160 ಕಿ.ಮೀ. ಕಡಿಮೆಯಾಗುತ್ತದೆ. ಮಗಳ ಈಜು, ಅತ್ತೆಯ ಗೆಳೆತನ ಎರಡನ್ನೂ ಬಲಿಕೊಟ್ಟು ಉಳಿಸಿದ್ದಕ್ಕೆ ಹತ್ತಿರ ಹತ್ತಿರ ಅಷ್ಟೇ.

ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಕುಟುಂಬಗಳ ಖರ್ಚಿನ ಪಟ್ಟಿ ನೋಡುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ: ಇಂಧನ ತುಟ್ಟಿಯಾದಾಗ ಮೊದಲ ಕತ್ತರಿ ಬೀಳುವುದು ಹೆಚ್ಚು ಇಂಧನ ತಿನ್ನುವ ಕಡೆಗಲ್ಲ, ಕಡಿಮೆ ಪ್ರತಿಭಟಿಸುವವರ ಕಡೆಗೆ. ದುಡಿಯುವವರ ಓಡಾಟ "ಅಗತ್ಯ" ಎಂಬ ಹೆಸರಿನಲ್ಲಿ ಚರ್ಚೆಯಿಂದಲೇ ಹೊರಗುಳಿಯುತ್ತದೆ. ಮಕ್ಕಳದ್ದು, ಮುದುಕರದ್ದು, ಮನೆಯಲ್ಲಿರುವ ಹೆಂಗಸರದ್ದು "ಇಲ್ಲದಿದ್ದರೂ ನಡೆಯುತ್ತೆ" ಎಂಬ ಪಟ್ಟಿಗೆ ಸೇರುತ್ತದೆ. ಕಚೇರಿಗೆ ಹೋಗಲೇಬೇಕು, ನಿಜ. ಆದರೆ ಒಬ್ಬರೇ, ಕಾರಿನಲ್ಲೇ, ವಾರದ ಅಷ್ಟೂ ದಿನ ಹೋಗಲೇಬೇಕು ಎಂಬುದು ಬೇರೆ ಮಾತು. ಅದು ಅಭ್ಯಾಸ. ನಿಮ್ಮ ಮನೆಯ ಜಗಳದ ಬೇರು ಪೆಟ್ರೋಲಿನಲ್ಲಿ ಎಷ್ಟಿದೆಯೋ ಈ ಹಂಚಿಕೆಯಲ್ಲೂ ಅಷ್ಟೇ ಇದೆ ಎಂದು ನನ್ನ ಅನುಮಾನ. ಅತ್ತೆಯವರು ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ.

ಹಾಗಾದರೆ ಆ 880 ಕಿ.ಮೀ.ಯನ್ನು ಏನು ಮಾಡುವುದು?

ಎಲ್ಲಕ್ಕಿಂತ ದೊಡ್ಡ ಉಳಿತಾಯ ಜೊತೆಯಾಗಿ ಹೋಗುವುದರಲ್ಲಿದೆ. ಅದೇ ದಾರಿಯಲ್ಲಿ ಹೋಗುವ ಒಬ್ಬ ಸಹೋದ್ಯೋಗಿ ಸಿಕ್ಕಿ, ಒಂದು ದಿನ ಅವರ ಕಾರು, ಒಂದು ದಿನ ನಿಮ್ಮ ಕಾರು ಎಂದು ವಾರದ ಐದೂ ದಿನ ನಡೆದರೆ ತಿಂಗಳಿಗೆ 440 ಕಿ.ಮೀ., ಹೆಚ್ಚೂಕಡಿಮೆ 37 ಲೀಟರ್ ಉಳಿಯುತ್ತದೆ. ಕಾರಿನಲ್ಲಿ ಇನ್ನೊಬ್ಬರು ಕೂತರೆ ಹೆಚ್ಚುವ ಇಂಧನ ಅತ್ಯಲ್ಪ. ಈ ಏರ್ಪಾಡು ಮುರಿದುಬೀಳುವುದು ಸಾಮಾನ್ಯವಾಗಿ ದುಡ್ಡಿನ ಕಾರಣಕ್ಕಲ್ಲ, ಸಮಯದ ಕಾರಣಕ್ಕೆ. ಒಬ್ಬರು ಹತ್ತು ನಿಮಿಷ ಕಾಯಿಸುತ್ತಾರೆ, ಇನ್ನೊಬ್ಬರಿಗೆ ಸಂಜೆ ಮೀಟಿಂಗ್ ಮುಗಿಯುವುದಿಲ್ಲ. ಆದ್ದರಿಂದ ಮೊದಲೇ ಎರಡು ಮಾತು ಖಚಿತ ಮಾಡಿಕೊಳ್ಳಬೇಕು: ಐದು ನಿಮಿಷದ ಮೇಲೆ ಕಾಯುವುದಿಲ್ಲ, ಮತ್ತು ವಾರದಲ್ಲಿ ಎರಡು ಮೂರು ದಿನ ಮಾತ್ರ ಜೊತೆ, ಉಳಿದ ದಿನ ಅವರವರ ದಾರಿ. ಆಗ ಉಳಿತಾಯ ಸುಮಾರು ಅರ್ಧಕ್ಕಿಳಿಯುತ್ತದೆ, ಆದರೆ ಏರ್ಪಾಡು ಬಾಳುತ್ತದೆ. ಐದೂ ದಿನ ಜೊತೆಯಾಗಿ ಹೋಗುತ್ತೇವೆ ಎಂದು ಶುರುಮಾಡುವವರು ಬೇಗ ಬೇಸತ್ತುಬಿಡುತ್ತಾರೆ.

ಬಸ್ಸು, ರೈಲು ಇದ್ದರೆ ಅದಕ್ಕೂ ಇದೇ ಮಾತು. ಪೂರ್ತಿ ಬದಲಾಗಬೇಕಿಲ್ಲ, ವಾರಕ್ಕೆರಡು ದಿನ ಸಾಕು. ಮನೆಯಿಂದಲೇ ಕೆಲಸ ಮಾಡಲು ಒಂದು ದಿನ ಸಿಕ್ಕರೆ ಇನ್ನೂ ಸಲೀಸು.

ನಿಮ್ಮಲ್ಲಿ ಇನ್ನೊಂದು ವಿಚಿತ್ರವೂ ಇದೆ. ಅತಿ ದೂರ ಹೋಗುವವರ ಕೈಯಲ್ಲಿ ಅತಿ ಹೆಚ್ಚು ಕುಡಿಯುವ ವಾಹನ, ಹತ್ತಿರ ಹೋಗುವವರ ಕೈಯಲ್ಲಿ ಕಡಿಮೆ ಕುಡಿಯುವ ವಾಹನ. ಇಬ್ಬರೂ ಅದಲುಬದಲು ಮಾಡಿಕೊಂಡರೆ ಈಗಿನ 76 ಲೀಟರ್ ಲೆಕ್ಕದಲ್ಲಿ 31ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಇದಕ್ಕಿಂತ ಅದ್ಭುತ ಉಪಾಯ ಇನ್ನೊಂದಿಲ್ಲ. ಆದರೆ ನಾನು ಅದನ್ನು ಕಣ್ಣುಮುಚ್ಚಿ ಹೇಳಲಾರೆ. 20 ಕಿ.ಮೀ. ದಾರಿಯಲ್ಲಿ ವೇಗದ ಹೆದ್ದಾರಿ, ಭಾರಿ ಲಾರಿಗಳು ಇದ್ದರೆ ಸ್ಕೂಟರ್ ಬೇಡ. ದ್ವಿಚಕ್ರದಲ್ಲಿ ಪ್ರತಿ ಕಿಲೋಮೀಟರಿಗೆ ಪ್ರಾಣಾಪಾಯ ಕಾರಿಗಿಂತ ಹಲವು ಪಟ್ಟು ಹೆಚ್ಚು. ಪೆಟ್ರೋಲ್ ಉಳಿಸಲು ಆ ಪಣ ಒಡ್ಡಬಾರದು. ಒಳದಾರಿಯಿದ್ದರೆ, ಹವೆ ಚೆನ್ನಾಗಿದ್ದರೆ, ವಾರದಲ್ಲಿ ಒಂದೆರಡು ದಿನ ಯೋಚಿಸಬಹುದು. ಅಂಥ ದಿನ ನಿಮ್ಮ 3 ಕಿ.ಮೀ. ಸೈಕಲ್ಲಿಗೆ ಹೇಳಿಮಾಡಿಸಿದ ದೂರ.

ಈಜು ತರಗತಿಯ ವಿಷಯ ಇದೇ ಲೆಕ್ಕದಲ್ಲಿ ಬಗೆಹರಿಯುತ್ತದೆ. ಅಷ್ಟೂ ಓಡಾಟ ಸ್ಕೂಟರಿನಲ್ಲಾದರೆ ತಿಂಗಳಿಗೆ ಎರಡು ಲೀಟರ್ ಚಿಲ್ಲರೆ. ಮಗಳಿಗೆ ಹೆಲ್ಮೆಟ್ ಹಾಕಿ, ತರಗತಿ ಮುಗಿಯುವವರೆಗೆ ನೀವು ಅಲ್ಲೇ ಒಂದು ಸುತ್ತು ನಡೆದರೆ ಅದರಲ್ಲೂ ಅರ್ಧ. ಅತ್ತೆಯವರಿಗೆ ಸ್ಕೂಟರ್ ಆಗದಿರಬಹುದು. ಹಾಗಿದ್ದರೆ ರಜಾದಿನ ನೀವು ಹೇಗೂ ಕಾರು ತೆಗೆಯುವ ಹೊತ್ತಿಗೆ ಅವರನ್ನೂ ಕರೆದೊಯ್ಯಿರಿ, ಬರುವಾಗ ಕರೆತನ್ನಿ. ಒಂದು ಸಲ ಗೆಳತಿಯೇ ನಿಮ್ಮಲ್ಲಿಗೆ ಬರಲಿ. ನಾಲ್ಕು ಸಲ ಓಡುವ ಕಡೆ ಎರಡು ಸಲಕ್ಕೆ ಮುಗಿಯುತ್ತದೆ.

ಮೈಲೇಜಿನ ವಿಷಯದಲ್ಲಿ ಜನ ಸಾಮಾನ್ಯವಾಗಿ ಎಡವುವ ಒಂದು ಜಾಗವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದೆ ವಾಹನ ಬದಲಿಸುವಾಗ ನಿಮಗೆ ಬೇಕಾಗುತ್ತದೆ. ಲೀಟರಿಗೆ 8 ಕಿ.ಮೀ. ಕೊಡುವ ಕಾರನ್ನು 12 ಕೊಡುವ ಕಾರಿಗೆ ಬದಲಿಸುವುದು ಲಾಭವೋ, 40 ಕೊಡುವ ಸ್ಕೂಟರನ್ನು 60 ಕೊಡುವ ಸ್ಕೂಟರಿಗೆ ಬದಲಿಸುವುದು ಲಾಭವೋ? ಎರಡರಲ್ಲೂ ಮೈಲೇಜ್ ಒಂದೂವರೆ ಪಟ್ಟಾಗುತ್ತದೆ, ಅದರಲ್ಲೂ 20 ಕಿ.ಮೀ. ಏರಿಕೆ ದೊಡ್ಡದಾಗಿ ಕಾಣುತ್ತದೆ. ಆದರೆ 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ತಿರುಗಿಸಿ ನೋಡಿ. ಮೊದಲನೆಯದರಲ್ಲಿ 12.5 ಲೀಟರ್ 8.3ಕ್ಕೆ ಇಳಿಯುತ್ತದೆ, ನಾಲ್ಕು ಲೀಟರಿಗೂ ಮೇಲೆ ಉಳಿತಾಯ. ಎರಡನೆಯದರಲ್ಲಿ 2.5 ಲೀಟರ್ 1.7 ಆಗುತ್ತದೆ, ಒಂದು ಲೀಟರೂ ಇಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ಇದನ್ನೇ ಪರೀಕ್ಷಿಸಿ, ಮೈಲೇಜ್ ಅಂಕಿ ನೋಡಿ ನಿರ್ಧರಿಸುವವರು ಸತತವಾಗಿ ತಪ್ಪು ಅಂದಾಜು ಮಾಡುತ್ತಾರೆ ಎಂದು ತೋರಿಸಿದರು. ಹಲವು ದೇಶಗಳಲ್ಲಿ 100 ಕಿ.ಮೀ.ಗೆ ಲೀಟರ್ ಎಂಬ ಅಳತೆಯೇ ಬಳಕೆಯಲ್ಲಿದೆ. ಮನೆಯ ಲೆಕ್ಕಕ್ಕೂ ಅದೇ ಸರಿ. ನಿಮಗೆ ಅದರಿಂದ ಸಿಗುವ ಸೂತ್ರ ಇಷ್ಟೇ: ಗಮನ ಯಾವಾಗಲೂ ಕೆಟ್ಟ ಮೈಲೇಜಿನ ವಾಹನದ ಮೇಲಿರಲಿ. ಸ್ಕೂಟರನ್ನು ಬಿಟ್ಟುಬಿಡಿ, ಅದು ಚೆನ್ನಾಗಿಯೇ ಇದೆ.

ಅಂದಹಾಗೆ ಆ 12 ಎಂಬ ಅಂಕಿ ಎಲ್ಲಿಂದ ಬಂತು? ಕಂಪನಿಯ ಕರಪತ್ರದಿಂದಲೋ ಅಂದಾಜಿನಿಂದಲೋ ಆಗಿದ್ದರೆ ಒಮ್ಮೆ ಅಳೆದುಬಿಡಿ. ಬಂಕಿನಲ್ಲಿ ಪೈಪ್ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಮೀಟರ್ ಬರೆದಿಟ್ಟುಕೊಳ್ಳಿ. ಕೆಲವು ದಿನ ಓಡಿಸಿ, ಅದೇ ರೀತಿ ಮತ್ತೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ನಿಜವಾದ ಮೈಲೇಜ್. ಇದು ಹಿಂದಿನದಕ್ಕಿಂತ ಬಹಳ ಕುಸಿದಿದ್ದರೆ ಗ್ಯಾರೇಜಿಗೆ ಹೋಗಬೇಕಾದ ಕಾಲ. ಬ್ರೇಕ್ ಅಂಟಿಕೊಂಡಿರಬಹುದು, ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕೆಂದು ಹೊಗೆ ನೋಡಿ ತಿಳಿಸುವ ಆಕ್ಸಿಜನ್ ಸೆನ್ಸರ್ ಕೆಟ್ಟಿರಬಹುದು. ಸೆನ್ಸರ್ ಪೂರ್ತಿ ಕೆಟ್ಟರೆ ಮೈಲೇಜ್ ಶೇಕಡಾ 40ರವರೆಗೂ ಬೀಳಬಲ್ಲದು. ಎಷ್ಟು ಜಾಗರೂಕತೆಯಿಂದ ಓಡಿಸಿದರೂ ಅಷ್ಟನ್ನು ತುಂಬಿಕೊಳ್ಳಲಾಗದು. ಇನ್ನೊಂದು, "ಇಷ್ಟು ದುಡ್ಡಿಗೆ ಹಾಕಿ" ಎಂದು ಹೇಳುವ ಅಭ್ಯಾಸ ಬಿಡಿ. ದುಡ್ಡು ಅಷ್ಟೇ ಇದ್ದು ಲೀಟರ್ ಕಡಿಮೆಯಾಗುತ್ತಾ ಹೋದಾಗ ದರ ಏರಿದ್ದು ಕೈಗೆ ತಾಗುವುದಿಲ್ಲ, ಬಂಕಿಗೆ ಹೋಗುವ ಸಲ ಹೆಚ್ಚುತ್ತದೆ ಅಷ್ಟೆ. ಲೀಟರ್ ಲೆಕ್ಕದಲ್ಲೇ ಹಾಕಿಸಿ, ಲೀಟರ್ ಲೆಕ್ಕದಲ್ಲೇ ಬರೆದಿಡಿ. ದರ ನಿಮ್ಮ ಕೈಯಲ್ಲಿಲ್ಲ, ಲೀಟರ್ ಇದೆ.

ನೆಂಟರ ಸಲಹೆಗಳಿಗೆ ಬರೋಣ. ಬೆಳಿಗ್ಗೆ ಬೇಗ ಹಾಕಿಸಿದರೆ ಪೆಟ್ರೋಲ್ ತಣ್ಣಗಿದ್ದು ಗಟ್ಟಿಯಾಗಿರುತ್ತದೆ, ಹೆಚ್ಚು ಸಿಗುತ್ತದೆ ಎಂಬುದು ತರ್ಕ. ಪೆಟ್ರೋಲ್ ಹಿಗ್ಗುವುದು ನಿಜ: ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ಸಾವಿರದಲ್ಲೊಂದು ಪಾಲು. ಆದರೆ ಬಂಕಿನ ಟ್ಯಾಂಕ್ ನೆಲದಡಿ ಇರುತ್ತದೆ. ಅಲ್ಲಿ ಬೆಳಿಗ್ಗೆ ಮಧ್ಯಾಹ್ನಗಳ ವ್ಯತ್ಯಾಸ ನಗಣ್ಯ. ಐದು ಡಿಗ್ರಿ ವ್ಯತ್ಯಾಸ ಇದ್ದೇ ಇದೆ ಎಂದುಕೊಂಡರೂ ಉಳಿತಾಯ ಶೇಕಡಾ ಅರ್ಧ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಎಂಬ ಸಲಹೆ ಹಳೆಯ ಕಾರ್ಬ್ಯುರೇಟರ್ ಕಾಲದ್ದು. ಈಗಿನ ಫ್ಯುಯೆಲ್ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಗೇರ್ ಹಾಕಿಯೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಪೂರೈಕೆ ಬಹುಮಟ್ಟಿಗೆ ನಿಂತೇಹೋಗುತ್ತದೆ, ಚಕ್ರಗಳೇ ಇಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಆರದಿರಲು ಪೆಟ್ರೋಲ್ ಸುಡಲೇಬೇಕು. ಅಂದರೆ ಉಳಿಸಲು ಹೋಗಿ ಕಳೆದುಕೊಳ್ಳುತ್ತೀರಿ, ಮೇಲಿಂದ ಗೇರಿನಲ್ಲಿರುವ ಇಂಜಿನ್ ಕಾರಿನ ವೇಗವನ್ನು ತಡೆಯುವುದೂ (ಇಂಜಿನ್ ಬ್ರೇಕಿಂಗ್) ಇಲ್ಲದೆ ಅಪಾಯವೂ. ಈ ಸಲಹೆ ಕೊಟ್ಟವರಿಗೆ ಇದನ್ನು ದಯವಿಟ್ಟು ತಿಳಿಸಿ.

ಟೈರಿನ ಗಾಳಿ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ, ಆದರೆ ಅದರಿಂದ ಸಿಗುವುದೆಷ್ಟು ಎಂಬುದನ್ನೂ ಹೇಳಬೇಕು. ನಾಲ್ಕೂ ಟೈರಿನಲ್ಲಿ ಒಂದು ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾದರೆ ಮೈಲೇಜ್ ಕುಸಿಯುವುದು ಶೇಕಡಾ 0.2ರಷ್ಟು. ಹತ್ತು ಪಿಎಸ್ಐ ಕಡಿಮೆಯಿದ್ದರೂ ಶೇಕಡಾ 2. ಟೈರ್ ಬಾಳಿಕೆಗೂ ಸುರಕ್ಷತೆಗೂ ಗಾಳಿ ಸರಿಯಿರಬೇಕು. ಸಂಸಾರದ ಖರ್ಚು ಅದರಿಂದ ಸರಿಹೋಗುವುದಿಲ್ಲ. ಟ್ಯಾಂಕಿಗೆ ಹಾಕುವ ಮಾತ್ರೆ, ಪೈಪಿಗೆ ಕಟ್ಟುವ ಅಯಸ್ಕಾಂತ ಮುಂತಾದವುಗಳ ಕಡೆ ತಿರುಗಿಯೂ ನೋಡಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ, ಮೈಲೇಜನ್ನು ಗಮನಾರ್ಹವಾಗಿ ಹೆಚ್ಚಿಸುವ ಒಂದೂ ಸಿಗಲಿಲ್ಲ. ಕಾರಿನ ಕೈಪಿಡಿ ಕೇಳದ ಹೊರತು ದುಬಾರಿ ಹೈ ಆಕ್ಟೇನ್ ಪೆಟ್ರೋಲೂ ವ್ಯರ್ಥ.

ನಿಜವಾಗಿ ಕೆಲಸ ಮಾಡುವುದು ಕಾಲು. ಗಾಳಿಯ ಎಳೆತ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಹೆಚ್ಚುತ್ತದೆ. 80ರಿಂದ 100 ಕಿ.ಮೀ. ವೇಗಕ್ಕೆ ಹೋದರೆ ಅದೊಂದೇ ಶೇಕಡಾ 56 ಏರುತ್ತದೆ. ಹಾಗೆಂದು ಪೆಟ್ರೋಲ್ ಖರ್ಚು ಅಷ್ಟೂ ಏರುವುದಿಲ್ಲ, ಏಕೆಂದರೆ ಟೈರಿನ ಘರ್ಷಣೆ, ಇಂಜಿನ್ನಿನ ಒಳನಷ್ಟಗಳ ಪಾಲೂ ಇದೆ. ಆದರೂ ಹೆದ್ದಾರಿಯಲ್ಲಿ ಸ್ವಲ್ಪ ನಿಧಾನವಾದರೆ ಬಿಲ್ಲಿನಲ್ಲಿ ಗೊತ್ತಾಗುತ್ತದೆ, 20 ಕಿ.ಮೀ.ಗೆ ಕಳೆದುಕೊಳ್ಳುವ ಸಮಯ ಮೂರು ನಿಮಿಷ. ನಗರದೊಳಗೆ ಮುಂದಿನ ಸಿಗ್ನಲ್ ಕೆಂಪಿರುವುದು ಕಂಡಮೇಲೂ ವೇಗ ಹೆಚ್ಚಿಸಿ, ಆಮೇಲೆ ಬ್ರೇಕ್ ಒತ್ತುವುದೆಂದರೆ ಕೊಂಡ ಪೆಟ್ರೋಲನ್ನು ಬ್ರೇಕಿನಲ್ಲಿ ಬಿಸಿ ಮಾಡಿ ಚೆಲ್ಲುವುದು. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಇಂಜಿನ್ ಆರಿಸಿದರೆ ಲಾಭ. ಛಾವಣಿಯ ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಇಳಿಸಿಬಿಡಿ.

ಅಡುಗೆಮನೆಗೆ ಬಂದರೆ, ಇಲ್ಲಿ ಭೌತಶಾಸ್ತ್ರ ನಿಮ್ಮ ಪರವಾಗಿದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಶಾಖ ಸುಮಾರು 314 ಕಿಲೋಜೂಲ್. ಅದೇ ಒಂದು ಲೀಟರನ್ನು ಆವಿಯಾಗಿ ಹಾರಿಸಲು ಬೇಕಾಗುವುದು 2,257 ಕಿಲೋಜೂಲ್, ಏಳು ಪಟ್ಟಿಗೂ ಹೆಚ್ಚು. ನೀರು ಒಮ್ಮೆ ಕುದಿ ಹಿಡಿದ ಮೇಲೆ ಉರಿ ಎಷ್ಟೇ ದೊಡ್ಡದು ಮಾಡಿದರೂ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ, ಅಡುಗೆ ಬೇಗ ಬೇಯುವುದಿಲ್ಲ; ಹೆಚ್ಚಿನ ಅನಿಲವೆಲ್ಲ ಆವಿಯಾಗಿ ಹೊರಗೆ ಹೋಗುತ್ತದೆ. ಕುದಿ ಬಂದೊಡನೆ ಮುಚ್ಚಳ ಹಾಕಿ ಉರಿ ಸಣ್ಣದು ಮಾಡುವುದು ಅಜ್ಜಿಯಂದಿರ ಜಿಪುಣತನವಲ್ಲ, ಶುದ್ಧ ವಿಜ್ಞಾನ. ಪ್ರೆಷರ್ ಕುಕ್ಕರ್ ಒತ್ತಡದಿಂದ ನೀರಿನ ಕುದಿಬಿಂದುವನ್ನು 120 ಡಿಗ್ರಿ ಆಸುಪಾಸಿಗೆ ಏರಿಸುವುದರಿಂದ ಬೇಯುವ ಹೊತ್ತೇ ಕಡಿಮೆಯಾಗುತ್ತದೆ. ನೆನೆಸಿದರೆ ಬೇಗ ಬೇಯುವುದನ್ನು ನೆನೆಸಿಡಿ. ಉರಿ ಪಾತ್ರೆಯ ತಳ ಮೀರಿ ಹೊರಚಾಚದಿರಲಿ. ಜ್ವಾಲೆ ನೀಲಿ ಬಿಟ್ಟು ಹಳದಿಯಾಗುತ್ತಿದ್ದರೆ ಬರ್ನರ್ ತೊಳೆಯಬೇಕಾಗಿದೆ.

ಇಂಡಕ್ಷನ್ ಒಲೆ ಲಾಭವೋ ಎಂಬುದಕ್ಕೆ ಎಲ್ಲ ಕಡೆಗೂ ಹೊಂದುವ "ಹೌದು" ಅಥವಾ "ಅಲ್ಲ" ಎಂಬ ಉತ್ತರವಿಲ್ಲ, ಲೆಕ್ಕವಿದೆ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 46 ಮೆಗಾಜೂಲ್, ಅಂದರೆ ಹೆಚ್ಚೂಕಡಿಮೆ 12.8 ಯೂನಿಟ್ ಶಕ್ತಿಯಿದೆ. ಗ್ಯಾಸ್ ಒಲೆಯಲ್ಲಿ ಅದರ ಒಂದು ದೊಡ್ಡ ಪಾಲು ಪಾತ್ರೆಯ ಪಕ್ಕದಿಂದ ಅಡುಗೆಮನೆಗೆ ಹೋಗುತ್ತದೆ. ಇಂಡಕ್ಷನ್ನಿನಲ್ಲಿ ಶಾಖ ಪಾತ್ರೆಯ ತಳದಲ್ಲೇ ಹುಟ್ಟುವುದರಿಂದ ನಷ್ಟ ಕಡಿಮೆ. ಎರಡನ್ನೂ ಹೊಂದಿಸಿದರೆ ಒಂದು ಕಿಲೋ ಅನಿಲದ ಕೆಲಸವನ್ನು ಇಂಡಕ್ಷನ್ ಸುಮಾರು 8 ಯೂನಿಟ್ ವಿದ್ಯುತ್ತಿನಲ್ಲಿ ಮಾಡುತ್ತದೆ. ಆದ್ದರಿಂದ ನಿಮ್ಮಲ್ಲಿ ಒಂದು ಕಿಲೋ ಅನಿಲಕ್ಕೆ ಬೀಳುವ ದರವನ್ನು 8ರಿಂದ ಭಾಗಿಸಿ. ವಿದ್ಯುತ್ ಯೂನಿಟ್ಟಿನ ದರ ಅದಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ ಒಂದು ಒಲೆ ತನ್ನಿ. ಬಳಕೆ ಹೆಚ್ಚಿದಂತೆ ಯೂನಿಟ್ ದರವೂ ಏರುವ ಪದ್ಧತಿ ನಿಮ್ಮಲ್ಲಿದ್ದರೆ ಮೇಲಿನ ಹಂತದ ದರವನ್ನೇ ಹಿಡಿಯಿರಿ, ಏಕೆಂದರೆ ಹೊಸ ಬಳಕೆ ಬೀಳುವುದು ಆ ಹಂತಕ್ಕೆ. ಅಯಸ್ಕಾಂತ ಅಂಟುವ ಚಪ್ಪಟೆ ತಳದ ಪಾತ್ರೆಗಳು ಬೇಕು, ಅವುಗಳ ಖರ್ಚೂ ಲೆಕ್ಕಕ್ಕೆ ಬರಲಿ. ಗ್ಯಾಸ್ ಒಲೆಯನ್ನು ಮಾರಬೇಡಿ. ಎರಡೂ ಇದ್ದರೆ ಯಾವುದು ತುಟ್ಟಿಯಾದರೂ ಇನ್ನೊಂದಕ್ಕೆ ಹೊರಳಬಹುದು.

ಉಳಿತಾಯದ ಹೆಸರಿನಲ್ಲಿ ಎರಡು ಕೆಲಸ ಮಾತ್ರ ಮಾಡಬೇಡಿ. ಒಂದು, ಮನೆಯೊಳಗೆ ಸೌದೆ, ಇದ್ದಿಲಿನ ಒಲೆಗೆ ಮರಳುವುದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಸಾವುಗಳಾದವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮುಚ್ಚಿದ ಕೋಣೆಯ ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಎರಡು, ನಾಳೆ ದರ ಏರುತ್ತದೆಂದು ಕ್ಯಾನಿನಲ್ಲಿ ಪೆಟ್ರೋಲ್ ತುಂಬಿಟ್ಟುಕೊಳ್ಳುವುದು. ಪೆಟ್ರೋಲ್ ಕೊರೆಯುವ ಚಳಿಯಲ್ಲೂ ಆವಿಯಾಗುತ್ತದೆ, ಆ ಆವಿ ಗಾಳಿಗಿಂತ ಭಾರವಾಗಿ ನೆಲದುದ್ದಕ್ಕೂ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಒಂದು ಕ್ಯಾನಿನಲ್ಲಿ ಉಳಿಯುವ ದುಡ್ಡಿಗೆ ಮನೆಯನ್ನು ಒತ್ತೆಯಿಡಬಾರದು.

ದರ ಇಳಿಯುವವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ಕಚ್ಚಾತೈಲದ ಇತಿಹಾಸ ನೋಡಿದರೆ ಅದು ಏರಿದಷ್ಟೇ ರಭಸದಲ್ಲಿ ಇಳಿದದ್ದೂ ಇದೆ. 2008ರ ಜುಲೈಯಲ್ಲಿ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದ್ದು ಅದೇ ವರ್ಷದ ಕೊನೆಗೆ 40ರ ಆಸುಪಾಸಿಗೆ ಬಿತ್ತು. ಆದರೆ ನೀವು ಕಚ್ಚಾತೈಲವನ್ನು ಕೊಳ್ಳುವುದಿಲ್ಲ, ಬಂಕಿನ ಪೆಟ್ರೋಲನ್ನು ಕೊಳ್ಳುತ್ತೀರಿ. ನಡುವೆ ಶುದ್ಧೀಕರಣ, ಸಾಗಣೆ, ಮಾರಾಟಗಾರರ ಪಾಲು, ತೆರಿಗೆ, ಡಾಲರಿನ ಎದುರು ಸ್ಥಳೀಯ ಹಣದ ಬೆಲೆ ಎಲ್ಲ ಬಂದು ಕೂರುತ್ತವೆ. ಹಾಗಾಗಿ ಕಚ್ಚಾತೈಲ ಅರ್ಧಕ್ಕಿಳಿದರೂ ಬಂಕಿನಲ್ಲಿ ದರ ಅರ್ಧವಾಗುವುದಿಲ್ಲ. ಅರ್ಥಶಾಸ್ತ್ರಜ್ಞ ರಾಬರ್ಟ್ ಬೇಕನ್ 1991ರಲ್ಲಿ ಬ್ರಿಟನ್ನಿನ ಪೆಟ್ರೋಲ್ ದರಗಳನ್ನು ಅಭ್ಯಸಿಸಿ, ಅವು ಏರುವಾಗ ರಾಕೆಟ್ಟಿನಂತೆ, ಇಳಿಯುವಾಗ ಹಕ್ಕಿಯ ಗರಿಯಂತೆ ಎಂದರು. ಬಂಕಿನ ಮುಂದೆ ನಿಂತವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

1973ರ ಅಕ್ಟೋಬರಿನಲ್ಲಿ ಅರಬ್ ತೈಲ ರಾಷ್ಟ್ರಗಳು ದಿಗ್ಬಂಧನ ಹೇರಿದಾಗ ಕೆಲವೇ ತಿಂಗಳಲ್ಲಿ ಕಚ್ಚಾತೈಲ ಸುಮಾರು ನಾಲ್ಕು ಪಟ್ಟಾಯಿತು. ನೆದರ್ಲೆಂಡ್ಸ್ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿತು, ಅಮೆರಿಕ 1974ರ ಆರಂಭದಲ್ಲಿ ಗಂಟೆಗೆ 55 ಮೈಲಿಯ ವೇಗಮಿತಿ ತಂದಿತು. ಆ ಭಾನುವಾರಗಳು ಕೆಲವೇ ವಾರಗಳಲ್ಲಿ ಮುಗಿದವು. ಉಳಿದುಕೊಂಡದ್ದು ಬೇರೆ: 1975ರಲ್ಲಿ ಅಮೆರಿಕ ಹೊಸ ಕಾರುಗಳ ಸರಾಸರಿ ಮೈಲೇಜನ್ನು 1985ರೊಳಗೆ ಎರಡು ಪಟ್ಟು ಮಾಡುವ ಗುರಿಯ ಕಾನೂನು ಮಾಡಿತು, ಕಾರುಗಳು ಹಗುರಾದವು. ಕುಟುಂಬಗಳಲ್ಲೂ ಹೀಗೆಯೇ. ಹಲ್ಲುಕಚ್ಚಿ ಮಾಡಿದ ಕಡಿತ ದರ ಇಳಿದೊಡನೆ ಕಳಚಿಬೀಳುತ್ತದೆ. ಮುಂದಿನ ಮನೆ ಕೆಲಸದ ಜಾಗಕ್ಕೆ ಹತ್ತಿರವಿರಲಿ, ಮುಂದಿನ ಕಾರು ಚಿಕ್ಕದಿರಲಿ ಎಂದು ಮಾಡಿದ ನಿರ್ಧಾರ ವರ್ಷಗಟ್ಟಲೆ ಉಳಿಸುತ್ತದೆ. ಬಾಡಿಗೆ ಮನೆ ಬದಲಿಸುವ ಸಂದರ್ಭ ಬಂದರೆ ಬಾಡಿಗೆಯ ಜೊತೆ ಓಡಾಟದ ಖರ್ಚನ್ನೂ ಕೂಡಿಸಿ ಹೋಲಿಸಿ. ದೂರದ ಅಗ್ಗದ ಮನೆ ಎಷ್ಟೋ ಸಲ ಅಗ್ಗವಲ್ಲ.

ಕಾಯುವ ಬದಲು ಒಂದು ಸಣ್ಣ ಏರ್ಪಾಡು ಮಾಡಿಕೊಳ್ಳಿ. ಕಳೆದ ಒಂದು ವರ್ಷದಲ್ಲಿ ದರ ಎಷ್ಟು ಎತ್ತರಕ್ಕೆ ಹೋಗಿತ್ತೋ ಆ ದರದಲ್ಲೇ ಪ್ರತಿ ತಿಂಗಳ ಇಂಧನದ ಹಣ ತೆಗೆದಿಡಿ. ದರ ಇಳಿದ ತಿಂಗಳು ಮಿಕ್ಕಿದ್ದನ್ನು ಅದೇ ಡಬ್ಬಿಯಲ್ಲಿ ಬಿಡಿ, ಏರಿದ ತಿಂಗಳು ಅಲ್ಲಿಂದಲೇ ತೆಗೆಯಿರಿ. ಪೆಟ್ರೋಲನ್ನು ಕ್ರೆಡಿಟ್ ಕಾರ್ಡಿನ ಬಾಕಿಗೆ ಹಾಕುವುದು ಮಾತ್ರ ಬೇಡ. ಸುಟ್ಟುಹೋದ ವಸ್ತುವಿಗೆ ಬಡ್ಡಿ ಕಟ್ಟುವುದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಡಬ್ಬಿಯಲ್ಲಿ ಸ್ವಲ್ಪ ಹೆಚ್ಚೇ ಇರಲಿ, ಏಕೆಂದರೆ ಇಂಧನದ ಏರಿಕೆ ಬಂಕಿನಲ್ಲಿ ನಿಲ್ಲುವುದಿಲ್ಲ. ಲಾರಿಯ ಡೀಸೆಲ್ ಮೂಲಕ ಪ್ರತಿ ಸಾಮಾನಿನ ಬೆಲೆಗೂ, ನೈಸರ್ಗಿಕ ಅನಿಲದಿಂದ ತಯಾರಾಗುವ ಗೊಬ್ಬರದ ಮೂಲಕ ಊಟದ ಬೆಲೆಗೂ ಅದು ಕೆಲವು ತಿಂಗಳ ನಂತರ ಬರುತ್ತದೆ.

ಕೊನೆಯದಾಗಿ ಎಲೆಕ್ಟ್ರಿಕ್ ಕಾರು. ಸಾಧಾರಣ ಗಾತ್ರದ ಕಾರಿಗೆ ಚಾರ್ಜಿಂಗಿನ ನಷ್ಟವೂ ಸೇರಿ 100 ಕಿ.ಮೀ.ಗೆ 17 ಯೂನಿಟ್ ಎಂದು ಹಿಡಿಯೋಣ. ನಿಮ್ಮ ಹಿಂದಿನ 1,056 ಕಿ.ಮೀ.ಗೆ 88 ಲೀಟರ್ ಪೆಟ್ರೋಲಿನ ಬದಲು ಸುಮಾರು 180 ಯೂನಿಟ್ ವಿದ್ಯುತ್ ಸಾಕು. ಎರಡರ ಬೆಲೆಯ ವ್ಯತ್ಯಾಸವೇ ನಿಮ್ಮ ತಿಂಗಳ ಉಳಿತಾಯ. ಹೊಸ ಕಾರಿನ ಕಂತು ಮತ್ತು ಹೆಚ್ಚುವರಿ ವಿಮೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಕಂತು ದೊಡ್ಡದಿದ್ದರೆ ನೀವು ಕೊಳ್ಳುತ್ತಿರುವುದು ಹೊಸ ಕಾರನ್ನೇ ಹೊರತು ಉಳಿತಾಯವನ್ನಲ್ಲ. ಅದರಲ್ಲೇನೂ ತಪ್ಪಿಲ್ಲ, ಗೊತ್ತಿದ್ದು ಕೊಳ್ಳಬೇಕು ಅಷ್ಟೆ.

ಲೆಕ್ಕ ಹಾಕುವ ಕ್ರಮವೂ ಮುಖ್ಯ. ಮೊದಲು ಸಹೋದ್ಯೋಗಿಯ ಜೊತೆ ಕಾರು ಹಂಚಿಕೊಳ್ಳುವ ಏರ್ಪಾಡು ಐದೂ ದಿನಕ್ಕೆ ಗಟ್ಟಿಯಾದರೆ ಓಟ 616 ಕಿ.ಮೀ.ಗೂ ಪೆಟ್ರೋಲ್ 51 ಲೀಟರಿಗೂ ಇಳಿಯುತ್ತದೆ. ಆಗ ಎಲೆಕ್ಟ್ರಿಕ್ ಕಾರು ಉಳಿಸಿಕೊಡಬಹುದಾದದ್ದೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಕಡಿಮೆ ಓಡುವ ಹಳೆಯ ಕಾರು, ರಿಪೇರಿಗೆ ಬಾರದಿರುವವರೆಗೆ, ಅಗ್ಗದ ಕಾರು. ಅದು ಹೇಗೂ ಬದಲಿಸಬೇಕಾದ ಸ್ಥಿತಿಗೆ ಬಂದಾಗ, ಮನೆಯಲ್ಲೇ ಚಾರ್ಜ್ ಮಾಡಲು ಜಾಗವಿದ್ದರೆ, ಎಲೆಕ್ಟ್ರಿಕ್ಕನ್ನು ಖಂಡಿತ ಮುಂದಿಟ್ಟು ನೋಡಿ. ಬಳಸಿದ ಕಾರು ಕೊಳ್ಳುವುದಾದರೆ ಬ್ಯಾಟರಿಯ ಆರೋಗ್ಯದ ವರದಿ ಕೇಳಿ ಪಡೆಯಿರಿ. ಅನೇಕ ತಯಾರಕರು ಬ್ಯಾಟರಿಗೆ 8 ವರ್ಷದ ವಾರಂಟಿ ಕೊಡುವುದರಿಂದ ಅದರಲ್ಲಿ ಎಷ್ಟು ಉಳಿದಿದೆ, ನಿಮ್ಮ ಹೆಸರಿಗೆ ವರ್ಗಾವಣೆಯಾಗುತ್ತದೆಯೇ ಎಂದು ವಿಚಾರಿಸಿ. ಮನೆಯಲ್ಲಿ ಚಾರ್ಜಿಂಗ್ ಇಲ್ಲದೆ ಹೊರಗಿನ ವೇಗದ ಚಾರ್ಜರುಗಳನ್ನೇ ನಂಬಬೇಕಾದರೆ ಯೂನಿಟ್ ದರ ಮನೆಯದಕ್ಕಿಂತ ಬಹಳ ಹೆಚ್ಚಿರುತ್ತದೆ. ಆಗ ಮೇಲಿನ ಲೆಕ್ಕವನ್ನು ಆ ದರದಲ್ಲಿ ಮತ್ತೊಮ್ಮೆ ಹಾಕಿ, ಆಮೇಲೆ ಷೋರೂಮಿಗೆ ಹೋಗಿ.